ಕುಂಬಳಕಾಯಿಗೆ ಮೊದಲ ಚಾಕು

ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು. ಇದು ನಮ್ಮ ಮನೆಯ ಕಾನೂನು. ಗಂಡಸರು ಯಾರಾದರೂ ಎರಡು ಹೋಳು ಮಾಡಿಕೊಟ್ಟರೆ ಆಮೇಲೆ ಹುಳಿಗೋ ಪಲ್ಯಕ್ಕೋ ಅಮ್ಮ ಎಷ್ಟು ಬೇಕಾದರೂ ಹೆಚ್ಚುತ್ತಾಳೆ. ಕೇಳಿದರೆ, ಅದು ಬಲಿ ಕೊಡುವ ಕಾಯಿ ಅನ್ನುತ್ತಾಳೆ.

ಒಂದು ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ನ್ಯೂಜೆರ್ಸಿಯ ತಂಗಿ ಮನೆಗೆ ಹೋಗಿದ್ದೆ. ತಂಗಿ ಮೂರು ಕುಂಬಳಕಾಯಿ ತಂದು ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಇಟ್ಟಳು. ಒಂಬತ್ತು ವರ್ಷದ ಮಗಳ ಕೈಗೆ ಪುಟ್ಟ ಗರಗಸ ಕೊಟ್ಟಳು. ಅಮ್ಮ ಹೌಹಾರಿದಳು. "ಅಯ್ಯೋ, ಹೆಣ್ಣು ಮಗು ಕಣೇ ಅದು! ಮೊದಲು ನಿಮ್ಮಣ್ಣ ಹಾಕಲಿ." ಹ್ಯಾಲೋವಿನ್ ಹಬ್ಬಕ್ಕೆ ಅಲ್ಲಿ ಕುಂಬಳಕಾಯಿಯನ್ನು ಟೊಳ್ಳು ಮಾಡಿ, ಮುಖ ಕೊರೆದು, ಒಳಗೆ ದೀಪ ಇಡುತ್ತಾರೆ. ಹೀಗೆ ಆ ಹಬ್ಬಕ್ಕೆ ಶಾಸ್ತ್ರಪ್ರಕಾರ ಮೊದಲ ಚಾಕು ಹಾಕುವ ಭಾಗ್ಯ ನನ್ನದಾಯಿತು.

ತೊಟ್ಟಿನ ಸುತ್ತ ಚಾಕುವನ್ನು ಓರೆಯಾಗಿ ಹಿಡಿದು ಕೊಯ್ಯಬೇಕು. ನೇರವಾಗಿ ಕೊಯ್ದರೆ ಮುಚ್ಚಳ ಒಳಗೇ ಬಿದ್ದುಹೋಗುತ್ತದೆ. ನಂದು ಬಿತ್ತು. ಎರಡನೆಯದು ಸರಿಹೋಯಿತು. ಆಮೇಲೆ ತೋಳು ಮಡಚಿ ಕೈ ಹಾಕಿ ಒಳಗಿನ ನಾರನ್ನೆಲ್ಲ ಬಾಚಿ ತೆಗೆಯಬೇಕು. ತಣ್ಣಗೆ, ಲೋಳೆ ಲೋಳೆಯಾಗಿ ಬೆರಳಿಗೆ ಸುತ್ತಿಕೊಳ್ಳುತ್ತದೆ. ಸೊಸೆಮುದ್ದು ಅದನ್ನು ಮುಟ್ಟಲು ಒಪ್ಪಲಿಲ್ಲ. "ಮಾಮ, ನೀನೇ ತೆಗಿ, ನಾನು ಕಣ್ಣು ಮಾತ್ರ ಮಾಡ್ತೀನಿ." ಬೀಜವನ್ನು ಅಮ್ಮ ತೊಳೆದು, ಉಪ್ಪು ಖಾರದ ಪುಡಿ ಹಾಕಿ ಹುರಿದಳು. ಅದು ಚೆನ್ನಾಗಿತ್ತು. ಕೆರೆದ ತಿರುಳಿನಲ್ಲಿ ಪಲ್ಯ ಮಾಡಿದಳು. ಅದು ನೀರು ನೀರಾಗಿ, ಸಿಹಿಯೂ ಇಲ್ಲದೆ ಸಪ್ಪೆಯಾಯಿತು. ಮುಖ ಕೊರೆಯಲೆಂದೇ ಬೆಳೆಸುವ ಕಾಯಿ ಅದು, ರುಚಿಗಲ್ಲ. "ಇಷ್ಟು ದೊಡ್ಡ ಕಾಯಿ, ಬರೀ ಮುಖಕ್ಕೆ!" ಅಂತ ಅಮ್ಮ ಎರಡು ದಿನ ಗೊಣಗಿದಳು.

ಮುಖ ಮಾತ್ರ ಅವಳಿಗೆ ಹೊಸದೇನೂ ಅನಿಸಲಿಲ್ಲ. ನಮ್ಮಲ್ಲಿ ಮನೆ ಕಟ್ಟುವಾಗ ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ ಬರೆದು ಮುಂದೆ ನೇತುಹಾಕುವುದಿಲ್ಲವೇ? "ದೃಷ್ಟಿಗೆ ತಾನೇ?" ಅಂದಳು. ಹೆಚ್ಚು ಕಡಿಮೆ ಹಾಗೇ ಅಂದೆ.

ಅಸಲಿಗೆ ಈ ಹಬ್ಬದ ಕಾಯಿ ಕುಂಬಳವೇ ಅಲ್ಲ. ಹಬ್ಬ ಹುಟ್ಟಿದ್ದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ. ಅಲ್ಲಿ ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆ, ನಮ್ಮ ನವಿಲುಕೋಸಿನ ದಾಯಾದಿ. ಕಲ್ಲಿನಂಥ ಗೆಡ್ಡೆಯನ್ನು ಕೊರೆದು ಒಳಗೆ ದೀಪ ಇಡುವುದೆಂದರೆ ಕೈ ಬೊಬ್ಬೆ ಬರುವ ಕೆಲಸ. ಐರ್ಲೆಂಡ್‌ನ ಮೇಯೋ ಕೌಂಟಿಯ ಮ್ಯೂಸಿಯಂನಲ್ಲಿ ಅಂಥ ಒಂದು ಹಳೇ ಗೆಡ್ಡೆ ದೀಪದ ಅಚ್ಚು ಇದೆ. ನಾನು ಫೋಟೋ ಮಾತ್ರ ನೋಡಿದ್ದೇನೆ. ಗುಳಿಬಿದ್ದ ಕಣ್ಣು, ನಾಲ್ಕೈದು ಹಲ್ಲು, ಸುಕ್ಕುಗಟ್ಟಿದ ಕೆನ್ನೆ. ಅದರ ಮುಂದೆ ಈ ಕಿತ್ತಳೆ ಬಣ್ಣದ ಕುಂಬಳ ಮದುವೆ ಮನೆಗೆ ಬಂದ ಬೀಗರ ಹಾಗೆ ಕಾಣುತ್ತದೆ.

ಆ ದೀಪಕ್ಕೊಂದು ಕಥೆಯೂ ಇದೆ. ಜ್ಯಾಕ್ ಅನ್ನುವ ಜುಗ್ಗ ಒಬ್ಬ ಸೈತಾನನಿಗೇ ಟೋಪಿ ಹಾಕಿ, ನನ್ನನ್ನು ನರಕಕ್ಕೆ ಒಯ್ಯಬಾರದು ಅಂತ ಮಾತು ತೆಗೆದುಕೊಂಡನಂತೆ. ಸತ್ತ ಮೇಲೆ ಸ್ವರ್ಗದವರು ಒಳಗೆ ಬಿಡಲಿಲ್ಲ, ನರಕದವರು ಮಾತಿಗೆ ತಪ್ಪಲಿಲ್ಲ. ಕತ್ತಲಲ್ಲಿ ದಾರಿ ಕಾಣಲಿ ಅಂತ ಸೈತಾನ ಒಂದು ಕೆಂಡ ಎಸೆದ. ಅದನ್ನು ಗೆಡ್ಡೆಯೊಳಗೆ ಇಟ್ಟುಕೊಂಡು ಇವತ್ತಿಗೂ ಅಲೆಯುತ್ತಿದ್ದಾನೆ. ನಮ್ಮ ತ್ರಿಶಂಕುವಿಗಾದರೂ ಒಂದು ಸ್ವರ್ಗ ಸಿಕ್ಕಿತು, ಇವನಿಗೆ ಸಿಕ್ಕಿದ್ದು ಟರ್ನಿಪ್.

1845ರಲ್ಲಿ ಐರ್ಲೆಂಡ್‌ನ ಆಲೂಗಡ್ಡೆಗೆ ರೋಗ ಬಿತ್ತು. ಏಳೆಂಟು ವರ್ಷದ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚು ಕಡಿಮೆ ಅಷ್ಟೇ ಜನ ಊರು ಬಿಟ್ಟರು. ಅಮೆರಿಕದಲ್ಲಿ ಇಳಿದವರಿಗೆ ದೊಡ್ಡ, ಮೆತ್ತನೆ, ಸುಲಭವಾಗಿ ಕೊರೆಯಲು ಬರುವ ಕುಂಬಳ ಸಿಕ್ಕಿತು. ಗೆಡ್ಡೆಯನ್ನು ಯಾರು ಕೇಳುತ್ತಾರೆ?

ಹಬ್ಬದ ಹಳೇ ಹೆಸರನ್ನು ಐರಿಷ್‌ನಲ್ಲಿ ಹೇಗೆ ಬರೆದರೂ ಕೇಳಿಸುವುದು 'ಸಾವಿನ್' ಅಂತ. ಅಮ್ಮನಿಗೆ ಹೇಳಿದಾಗ, "ಮತ್ತೆ! ಸಾವಿನ ಹಬ್ಬ ಅಂತ ಹೆಸರಲ್ಲೇ ಇದೆಯಲ್ಲ" ಅಂದುಬಿಟ್ಟಳು. ಆ ಪದಕ್ಕೆ ಬೇಸಿಗೆಯ ಕೊನೆ ಅಂತ ಅರ್ಥ ಹೇಳುತ್ತಾರೆ. ಆದರೆ ಅಮ್ಮ ಪೂರ್ತಿ ತಪ್ಪಲ್ಲ. ಬೇಸಿಗೆಗೆ ಗುಡ್ಡದ ಮೇಲೆ ಅಟ್ಟಿದ್ದ ದನಗಳನ್ನು ಕೆಳಗಿಳಿಸಿ ಕೊಟ್ಟಿಗೆಗೆ ತರುವ ಕಾಲ ಅದು. ಮುಂದೆ ಕತ್ತಲೆಯ ಆರು ತಿಂಗಳು. ಅವರಿಗೆ ದಿನ ಶುರುವಾಗುತ್ತಿದ್ದದ್ದು ಸಂಜೆಗೆ. ಅದಕ್ಕೇ ನವೆಂಬರ್ 1ರ ಹಬ್ಬ ಅಕ್ಟೋಬರ್ 31ರ ಸಂಜೆಯೇ ಬರುತ್ತದೆ. ಆ ಹೊತ್ತಿಗೆ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಬಾಗಿಲು ಅರ್ಧ ತೆರೆದಿರುತ್ತದೆ ಅಂತ ನಂಬಿಕೆ. ಮುಂದೆ ಚರ್ಚಿನವರು ನವೆಂಬರ್ 1ನ್ನು ಎಲ್ಲ ಸಂತರ ದಿನ ಮಾಡಿದರು, 2ನ್ನು ಸತ್ತವರೆಲ್ಲರ ದಿನ ಮಾಡಿದರು. ಸಂತರ ದಿನದ ಹಿಂದಿನ ಸಂಜೆ, ಅಂದರೆ ಇಂಗ್ಲಿಷಿನ 'ಆಲ್ ಹ್ಯಾಲೋಸ್ ಈವ್' ಅನ್ನುವುದೇ ಸವೆದು ಸವೆದು ಹ್ಯಾಲೋವಿನ್ ಆಗಿದೆ. ಇಂಗ್ಲೆಂಡಿನಲ್ಲಿ ಬಡವರು ಮನೆ ಮನೆಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡಿ, ಬದಲಿಗೆ ಒಂದು ಪುಟ್ಟ ಕೇಕ್ ಇಸಿದುಕೊಳ್ಳುತ್ತಿದ್ದರು. ಐರ್ಲೆಂಡಿನ ಹಳ್ಳಿಗಳಲ್ಲಿ ಸತ್ತವರ ರಾತ್ರಿ ಬಾಗಿಲಿಗೆ ಚಿಲಕ ಹಾಕದೆ, ಒಲೆ ಆರಿಸದೆ ಮಲಗುತ್ತಿದ್ದರು. ಬಂದವರು ಚಳಿ ಕಾಯಿಸಿಕೊಳ್ಳಲಿ ಅಂತ.

ಇದನ್ನು ಕೇಳಿ ಅಮ್ಮ ಸುಮ್ಮನಾದಳು. ಆ ಸಲ ಮಾರ್ಲಮಿ ಹಬ್ಬಕ್ಕೆ ಮೊದಲೇ ನಾವು ಊರು ಬಿಟ್ಟಿದ್ದೆವು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡುತ್ತಾಳೆ. ಹೊಸ ಪಂಚೆ, ಕಜ್ಜಾಯ, ಒಂದು ಲೋಟ ಕಾಫಿ, ಬೀಡಿ ಕಟ್ಟು. ಎಲ್ಲ ಇಟ್ಟು, ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಹಿರೀಕರು ಊಟ ಮಾಡಲಿ ಅಂತ. ತಾರಸಿ ಮೇಲಿಟ್ಟ ತುತ್ತಿಗೆ ಕಾಗೆ ಬಾಯಿ ಹಾಕುವ ತನಕ ಅವಳಿಗೆ ಸಮಾಧಾನ ಇರುವುದಿಲ್ಲ.

ಹಬ್ಬದ ಸಂಜೆ ಆರಕ್ಕೆ ಮಕ್ಕಳು ಬರಲು ಶುರುವಾದರು. ಹೊರಗಿನ ದೀಪ ಉರಿಯುತ್ತಿದ್ದರೆ ಬರಬಹುದು ಅಂತ ಅರ್ಥ. ಆರಿದ್ದರೆ ಮುಂದಕ್ಕೆ ಹೋಗುತ್ತಾರೆ. ಅಸ್ಥಿಪಂಜರ, ಮಾಟಗಾತಿ, ಒಂದು ಬಾಳೆಹಣ್ಣು, ತಳ್ಳುಗಾಡಿಯಲ್ಲಿ ನಿದ್ದೆ ಹೋದ ಜೇನುಹುಳ. 'ಟ್ರಿಕ್ ಆರ್ ಟ್ರೀಟ್' ಅಂತ ಚೀಲ ಒಡ್ಡುತ್ತಾರೆ. ಕೊಡ್ತೀರೋ, ಕಿತಾಪತಿ ಮಾಡಲೋ ಅಂತ. ಈಗದು ಬರೀ ಬಾಯಿಮಾತು. ನೂರು ವರ್ಷದ ಹಿಂದೆ ಹುಡುಗರು ಜನರ ಗೇಟು ಕಿತ್ತು ಒಯ್ಯುತ್ತಿದ್ದರು, ಕಿಟಕಿಗೆ ಸೋಪು ಬಳಿಯುತ್ತಿದ್ದರು. ಮಿನೆಸೋಟಾದ ಅನೋಕಾ ಊರಿನವರು ಈ ಕಾಟ ತಾಳಲಾರದೆ 1920ರಲ್ಲಿ ಹುಡುಗರಿಗಾಗಿ ಮೆರವಣಿಗೆಯನ್ನೇ ಶುರುಮಾಡಿದರು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದು ಮಿಠಾಯಿಗೆ ತತ್ವಾರವಾಯಿತು. ಅದು ಮುಗಿದ ಮೇಲೆ ಈ ಚಾಕೊಲೇಟ್ ಸುಗ್ಗಿ.

ಒಬ್ಬರಿಗೆ ಒಂದೇ ಅಂತ ಸೊಸೆಮುದ್ದು ಲೆಕ್ಕ ಹೇಳಿಕೊಟ್ಟಿದ್ದಳು. ಅಮ್ಮ ಕೇಳಬೇಕಲ್ಲ? "ಬಾಗಿಲಿಗೆ ಬಂದ ಮಕ್ಕಳಿಗೆ ಒಂದೇ ಒಂದಾ?" ಅಂತ ಬೊಗಸೆ ಬೊಗಸೆ ಹಾಕಿದಳು. ಏಳೂಕಾಲಿಗೆ ಬುಟ್ಟಿ ಖಾಲಿ. ಡಬ್ಬಿಯಿಂದ ಕಡಲೆಕಾಯಿ ಚಿಕ್ಕಿ ತೆಗೆಯಲು ಹೊರಟವಳನ್ನು ತಂಗಿ ಓಡಿಬಂದು ತಡೆದಳು. ಕಡಲೆಕಾಯಿ ಆಗದ ಮಕ್ಕಳು ಅಲ್ಲಿ ಜಾಸ್ತಿ. ಮನೆಯಲ್ಲಿ ಮಾಡಿದ್ದನ್ನು ಅಪರಿಚಿತರಿಂದ ಯಾರೂ ತೆಗೆದುಕೊಳ್ಳುವುದೂ ಇಲ್ಲ. ದೀಪ ಆರಿಸದೆ ಬೇರೆ ದಾರಿ ಇರಲಿಲ್ಲ. ಮಕ್ಕಳು ಬರುವ ಹೊತ್ತಿಗೆ ದೀಪ ಆರಿಸುವುದೇ ಅಂತ ಅಮ್ಮನ ಮುಖ ಸಣ್ಣಗಾಯಿತು.

"ಬಾಗಿಲ ಮೇಲೆ ನಾಳೆ ಬಾ ಅಂತ ಬರೆದುಬಿಡೋಣಮ್ಮ" ಅಂದಳು ತಂಗಿ. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ಅದನ್ನೇ ಬರೆದಿದ್ದರು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅಂತ ಸುದ್ದಿ. ಅದು ಕನ್ನಡ ಓದಿಕೊಂಡು, ನಾಳೆ ಬರೋಣ ಅಂತ ತಿರುಗಿ ಹೋಗಬೇಕಿತ್ತು. ಮಾರನೇ ದಿನವೂ ಹಾಗೇ. ಅಷ್ಟು ವಿಧೇಯ ದೆವ್ವವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಗು ತಡೆಯಲಾಗದೆ ಸೊಸೆಮುದ್ದಿಗೆ ಕಥೆ ಹೇಳಿದರೆ, ಅವಳು ಹೆದರಿ ಅಜ್ಜಿಯ ಪಕ್ಕದಲ್ಲೇ ಮಲಗಿದಳು. ಇಡೀ ಸಂಜೆ ಹಲ್ಲು ಕಿಸಿದ ತಲೆಬುರುಡೆಗಳ ನಡುವೆ ಓಡಾಡಿದ ಹುಡುಗಿ!

ಬೆಳಗ್ಗೆ ನೋಡಿದರೆ ಮೆಟ್ಟಿಲ ಮೇಲಿನ ಕುಂಬಳದ ಬಾಯಿ ಒಂದು ಕಡೆ ಕಿವಿಯವರೆಗೂ ಹರಿದಿತ್ತು. ದಪ್ಪನೆಯ ಬೂದು ಅಳಿಲೊಂದು ಒಳಗೇ ಕೂತು ಎರಡೂ ಕೈಯಲ್ಲಿ ತಿರುಳು ಹಿಡಿದು ತಿನ್ನುತ್ತಿತ್ತು. ನಾನು ಚಪ್ಪಲಿ ಎತ್ತಿಕೊಂಡೆ.

"ಓಡಿಸಬೇಡ ಇರು" ಅಂದಳು ಅಮ್ಮ, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು. "ನಿಮ್ಮಪ್ಪಂಗೆ ಕುಂಬಳಕಾಯಿ ಅಂದ್ರೆ ಪ್ರಾಣ."

ಆಮೇಲೆ ಬಾಗಿಲು ಎಳೆದುಕೊಂಡು ಒಳಗೆ ಬಂದಳು.