ಕೆಲಸ ಬಿಡುವ ಮೊದಲು ಒಂದು ಮಾತು

ನಲವತ್ತು ದಾಟಿದ ಮೇಲೆ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ ಸಮಾಜಕಾರ್ಯಕ್ಕೆ ಬರಬಹುದಾ ಅಂತ ಲೇಖನದಲ್ಲಿ ಕೇಳಿದ್ದೀರಿ. ಖಂಡಿತ ಬರಬಹುದು. ಆದರೆ ಇರುವ ಕೆಲಸವನ್ನು ಮೊದಲೇ ಬಿಡಬೇಡಿ. ನಾನು ಬಿಕಾಂ ಓದಿ ಹದಿನಾರು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದವಳು. ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋದಲ್ಲಿ ಯಾವ ಡಿಗ್ರಿ ಆಗಿದ್ದರೂ ಎಂಎಸ್‌ಡಬ್ಲ್ಯು ಸೇರಬಹುದು, ಕನಿಷ್ಠ 2 ವರ್ಷ, ಹಾಗಾಗಿ ಸಂಬಳ ಬಿಡದೆ ಶುರು ಮಾಡಿದೆ.

ಓದು ಹೇಗೋ ಆಗುತ್ತದೆ, ಕಷ್ಟ ಇರೋದು ಫೀಲ್ಡ್‌ವರ್ಕ್‌ನಲ್ಲಿ, ಅಂದರೆ ಜನರ ನಡುವೆ ಹೋಗಿ ಮಾಡುವ ತರಬೇತಿ ಕೆಲಸದಲ್ಲಿ. ದೂರಶಿಕ್ಷಣವಾದರೂ ಅದನ್ನು ಮಾಡಲೇಬೇಕು, ವರದಿ ಬರೆಯಲೇಬೇಕು. ನನ್ನದು ಒಂದು ಸರ್ಕಾರಿ ಆಸ್ಪತ್ರೆಯಲ್ಲಿತ್ತು. ಅಲ್ಲಿ ಒಬ್ಬ ಅಜ್ಜಿ, ಡಿಸ್ಚಾರ್ಜ್ ಆಗಿ ನಾಲ್ಕು ದಿನವಾದರೂ ಕರೆದುಕೊಂಡು ಹೋಗುವವರಿಲ್ಲದೆ ಮಂಚದ ಮೇಲೇ ಕೂತಿದ್ದರು. ನಾನು ಹೋದವಳೇ ವೃದ್ಧಾಶ್ರಮ, ಪಿಂಚಣಿ ಅಂತ ಒಂದೇ ಸಮ ಹೇಳತೊಡಗಿದೆ. ಅವರಿಗೆ ಬೇಕಿದ್ದದ್ದು ತಂಗಿಗೆ ಒಂದು ಫೋನ್, ಅಷ್ಟೇ! ಸುಮ್ನೆ ಪಕ್ಕದಲ್ಲಿ ಕೂತು ಕೇಳೋದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು.

ದಿನಾ ಕ್ಲಾಸಿಗೆ ಹೋಗಬಲ್ಲವರಿಗೆ ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ ಇದೆ, 1960ರಿಂದ ನಡೆಯುತ್ತಿದೆ. ಮಾನಸಿಕ ಆರೋಗ್ಯದ ಕಡೆ ಒಲವಿದ್ದರೆ ನಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ವಿಭಾಗವೇ ಇದೆ, ವಿಚಾರಿಸಿ. ಶುರುವಿನ ಸಂಬಳ ಈಗಿನದಕ್ಕಿಂತ ಕಡಿಮೆ ಆಗಬಹುದು, ಅದನ್ನು ಮನೆಯವರ ಹತ್ತಿರ ಈಗಲೇ ಮಾತಾಡಿಬಿಡಿ.