ಗದ್ದದ ಮೇಲಿನ ಮೂರು ಹೊಲಿಗೆ

ನನ್ನ ಗದ್ದದ ಕೆಳಗೆ ಒಂದು ಸಣ್ಣ ಕಲೆ ಇದೆ. ಮೂರು ಹೊಲಿಗೆ ಹಾಕಿದ್ದು. 1996ರ ಬೇಸಿಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅಪ್ಪನ ಟಿವಿಎಸ್ ಫಿಫ್ಟಿ ತೆಗೆದುಕೊಂಡು ಹೋಗಿ ಮೈದಾನದ ಕಲ್ಲಿನ ಕಾಂಪೌಂಡಿಗೆ ನೇರವಾಗಿ ಗುದ್ದಿದ್ದೆ.

ಅದೇ ಬೇಸಿಗೆಯಲ್ಲಿ ನಮ್ಮಣ್ಣ ಹರಿಹರದ ರೋಡಿನಲ್ಲಿ ಹೀರೋ ಹೋಂಡಾ ಸಮೇತ ಬಿದ್ದ. ಮೊಣಕಾಲಿನ ಚರ್ಮವೆಲ್ಲ ಹೋಗಿತ್ತು. ಅಪ್ಪ ಬೈದರು. ಆದರೆ ಸಂಜೆ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದವರಿಗೆಲ್ಲ "ನಮ್ಮ ಹುಡುಗ ಅರವತ್ತರ ಮೇಲೆ ಇದ್ನಂತೆ ನೋಡ್ರಿ" ಅಂತ ನಗುತ್ತಾ ಹೇಳುತ್ತಿದ್ದರು. ಹದಿನೈದು ದಿನಕ್ಕೆ ಅಣ್ಣ ಮತ್ತೆ ಗಾಡಿ ಹತ್ತಿದ. ನನ್ನ ಕೀ ಗಲ್ಲಾಪೆಟ್ಟಿಗೆಯೊಳಗೆ ಹೋಗಿದ್ದು ಆರು ವರ್ಷ ಹೊರಗೆ ಬರಲಿಲ್ಲ.

ಮುಂದೆ ಹೆಣ್ಣು ನೋಡಲು ಬಂದವರೊಬ್ಬರು ಈ ಕಲೆ ಏನು ಅಂತ ಕೇಳಿದರು. ಅಮ್ಮ ಒಂದು ಕ್ಷಣವೂ ತಡೆಯಲಿಲ್ಲ. "ಸಣ್ಣಾಕಿ ಇದ್ದಾಗ ಜೋಕಾಲಿಯಿಂದ ಬಿದ್ದಿದ್ದು" ಅಂದಳು. ಪಂಚಮಿ ಹಬ್ಬದ ಜೋಕಾಲಿಯಿಂದ ಬಿದ್ದರೆ ಯಾರಿಗೂ ತೊಂದರೆ ಇಲ್ಲ ನೋಡಿ.

ಇದೆಲ್ಲ ಈಗ ನೆನಪಾಗಲು ಕಾರಣ ಅಕ್ಕನ ಮಗಳು ಪುಟ್ಟಿ. ಇಪ್ಪತ್ತನಾಲ್ಕು ವರ್ಷ, ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದ ಉಳಿತಾಯವನ್ನೆಲ್ಲ ಸುರಿದು ಬೈಕ್ ರೇಸಿಂಗ್ ತರಬೇತಿ ಮುಗಿಸಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಹೆಂಗಸರ ವಿಭಾಗದಲ್ಲಿ ಮೊದಲ ರೇಸು ಓಡಿಸಿದಳು. ನಾನೂ ಭಾವನೂ ನೋಡಲು ಹೋಗಿದ್ದೆವು. ಅಕ್ಕ ಬರಲಿಲ್ಲ. ಭಾವ ಓಣಿಯಲ್ಲಿ "ಮಗಳದ್ದು ಟ್ರೈನಿಂಗ್ ಐತಿ" ಅಂತ ಹೇಳಿ ಹೊರಟಿದ್ದರು. ಸುಳ್ಳೇನಲ್ಲ ಬಿಡಿ. ನಮ್ಮೂರ ಬೈಪಾಸಿನ ಇದೇ 48ನೇ ಹೆದ್ದಾರಿ ದುರ್ಗ, ತುಮಕೂರು, ಬೆಂಗಳೂರು ದಾಟಿ ಆ ಟ್ರ್ಯಾಕಿನ ಹತ್ತಿರಕ್ಕೇ ಹೋಗುತ್ತದೆ. ನನಗೆ ಅದು ಗೊತ್ತಾಗಿದ್ದು ಅವತ್ತೇ.

ರೋಡ್ ರೇಸಿಂಗ್ ಅಂದ ಕೂಡಲೇ ನಮ್ಮ ಅಂಗಡಿಗೆ ಬರುವವರು ಕೇಳುವುದು ಒಂದೇ. "ರಿಂಗ್ ರೋಡಲ್ಲಿ ಹುಡುಗ್ರು ವ್ಹೀಲಿ ಹೊಡೀತಾರಲ್ಲ, ಅದಾ ಮೇಡಂ?" ಅದಲ್ಲ. ಮಣ್ಣಿನ ಮೇಲೆ ಹಾರಿಸುವುದು ಮೋಟೋಕ್ರಾಸ್. ಡಾಂಬರಿನ ಮೇಲೆ ಓಡಿಸುವುದಕ್ಕೆ ರೋಡ್ ರೇಸಿಂಗ್ ಅಂತ ಹೆಸರು. ನಮ್ಮ ದೇಶದಲ್ಲಿ ಅದು ನಡೆಯುವುದು ಮುಚ್ಚಿದ ಟ್ರ್ಯಾಕಿನಲ್ಲಿ. ಇರುಂಗಾಟ್ಟುಕೋಟ್ಟೈನದು ಸುತ್ತಿಗೆ 3.7 ಕಿಲೋಮೀಟರ್. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನೋ ಟ್ರ್ಯಾಕ್ ಸುಮಾರು 2 ಕಿಲೋಮೀಟರ್. ಎದುರಿಗೆ ಲಾರಿ ಬರಲ್ಲ, ಎಮ್ಮೆ ಬರಲ್ಲ, ಫೋನು ಕಿವಿಗಿಟ್ಟುಕೊಂಡು ಅಡ್ಡ ಬರುವವರಿಲ್ಲ. ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ) ಲೈಸೆನ್ಸ್ ಇಲ್ಲದೆ ಅಲ್ಲಿ ಗ್ರಿಡ್ ಮೇಲೆ, ಅಂದರೆ ರೇಸ್ ಹೊರಡುವ ಸಾಲಿನಲ್ಲಿ, ನಿಲ್ಲುವ ಹಾಗಿಲ್ಲ. ಊರ ರಸ್ತೆಯಲ್ಲಿ ರೇಸ್ ಹಚ್ಚಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರಿಂಗ್ ರೋಡಿನ ವೀರರಿಗೆ ಗೊತ್ತಿರಲಿ ಅಂತ ಹೇಳಿದೆ.

ಅಂಗಡಿಯವಳಾದ್ದರಿಂದ ನನ್ನ ಕಣ್ಣು ಮೊದಲು ಹೋಗಿದ್ದು ಗಾಡಿಗಳ ಮೇಲೆ. ರೇಸಿಗೆ ಮುಂಚೆ ಸ್ಕ್ರೂಟಿನಿ ಅಂತ ತಪಾಸಣೆ ಇರುತ್ತದೆ. ಕನ್ನಡಿ ಇಲ್ಲ, ಇಂಡಿಕೇಟರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಸ್ಯಾರಿ ಗಾರ್ಡಂತೂ ಇಲ್ಲವೇ ಇಲ್ಲ. (ಹೆಂಗಸರ ರೇಸಿಗೆ ಸ್ಯಾರಿ ಗಾರ್ಡ್ ಬಿಚ್ಚಿದ್ದು ನೋಡಿ ನಾನು ಒಬ್ಬಳೇ ನಕ್ಕೆ.) ಎಂಜಿನ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಇರುತ್ತಲ್ಲ, ಅದರ ತಲೆಗೆ ಸಣ್ಣ ತೂತು ಕೊರೆದು ತಂತಿ ಬಿಗಿದಿರುತ್ತಾರೆ. ಬೋಲ್ಟ್ ಸಡಿಲಾಗಿ ಒಂದು ತೊಟ್ಟು ಆಯಿಲ್ ಟ್ರ್ಯಾಕಿಗೆ ಬಿದ್ದರೂ ಹಿಂದೆ ಬರುವವರು ಸಾಲಾಗಿ ಬೀಳುತ್ತಾರೆ. ಇಪ್ಪತ್ತು ವರ್ಷದಿಂದ ಡ್ರೈನ್ ಬೋಲ್ಟ್ ಮಾರುತ್ತಿದ್ದೇನೆ. ಅದಕ್ಕೆ ಇಷ್ಟು ಮರ್ಯಾದೆ ಕೊಟ್ಟಿದ್ದನ್ನು ನೋಡಿದ್ದು ಅಲ್ಲೇ.

ಹೆಲ್ಮೆಟ್ಟು, ಬೆನ್ನಿನ ರಕ್ಷಣೆಯ ಪ್ಲೇಟು, ಗ್ಲೌಸು, ಬೂಟು, ಮೈಗೆಲ್ಲ ಒಂದೇ ತುಂಡಿನ ಲೆದರ್ ಸೂಟು. ಬಿಸಿಲಲ್ಲಿ ಅದನ್ನು ಹಾಕಿಕೊಂಡು ನಿಂತರೆ ಮಿರ್ಚಿ ಕರಿಯುವ ಬಾಣಲೆಯಲ್ಲಿ ನಿಂತ ಹಾಗೆ ಅಂತ ಪುಟ್ಟಿ ಹೇಳಿದಳು. ಆ ಸೂಟಿನದೇ ಒಂದು ಕಥೆ. ಅವಳ ಬಜೆಟ್ಟಿಗೆ ಸಿಕ್ಕಿದ್ದು ಗಂಡಸರ ಅಳತೆಯದು. ಸೊಂಟದಲ್ಲಿ ಬಿಗಿ, ತೋಳಿನಲ್ಲಿ ಸಡಿಲ. ಸಡಿಲ ಇದ್ದರೆ ಏನಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಹದಿಮೂರು ಹುಡುಗಿಯರು. ಐದು ಲ್ಯಾಪ್, ಅಂದರೆ ಟ್ರ್ಯಾಕಿನ ಐದು ಸುತ್ತು. ಎಲ್ಲರಿಗೂ ಒಂದೇ ಮಾದರಿಯ ಬೈಕು, ಅದಕ್ಕೆ ಒನ್ ಮೇಕ್ ಅನ್ನುತ್ತಾರೆ. ಪುಟ್ಟಿ ಒಂಬತ್ತನೇ ಜಾಗದಿಂದ ಹೊರಟು ಎರಡನೇ ಲ್ಯಾಪಿಗೆ ಏಳಕ್ಕೆ ಬಂದಳು. ಭಾವ ಬೇಲಿ ಹಿಡಿದುಕೊಂಡು "ಹೋಗ್ ಹೋಗ್ ಹೋಗ್" ಅಂತ ಕುಣಿಯುತ್ತಿದ್ದರು. ಮನೆಯಲ್ಲಿ ಅವರ ದನಿಯನ್ನೇ ನಾನು ಸರಿಯಾಗಿ ಕೇಳಿಲ್ಲ. ಮೂರನೇ ಲ್ಯಾಪಿನಲ್ಲಿ ಒಂದು ಬಲ ತಿರುವಿಗೆ ಅವಳು ಒಳಗೆ ನುಗ್ಗಿದಳು. ಬ್ರೇಕ್ ಬಿಡುವುದು ಒಂದಿಷ್ಟು ತಡವಾಯಿತು. ಮುಂದಿನ ಚಕ್ರ ಜಾರಿತು.

ಇದನ್ನು ಲೋ ಸೈಡ್ ಅನ್ನುತ್ತಾರೆ. ಗಾಡಿ ಬಾಗಿದ ಕಡೆಗೇ ಜಾರಿಹೋಗುತ್ತದೆ, ನಾವು ಅದರ ಹಿಂದೆ ನೆಲದ ಮೇಲೆ ಉಜ್ಜಿಕೊಂಡು ಹೋಗುತ್ತೇವೆ. ಇನ್ನೊಂದು ಇದೆ, ಹೈ ಸೈಡ್. ಜಾರುತ್ತಿದ್ದ ಹಿಂದಿನ ಚಕ್ರ ತಟ್ಟನೆ ನೆಲ ಕಚ್ಚಿ, ಎತ್ತು ಕೊಡವಿದ ಹಾಗೆ ಸವಾರರನ್ನು ಮೇಲಕ್ಕೆ ಎಸೆಯುತ್ತದೆ. ಅದು ಕೆಟ್ಟದ್ದು. ಪುಟ್ಟಿಯದು ಮೊದಲನೆಯದು. "ಹ್ಯಾಂಡಲ್ ಹಿಡ್ಕೊಂಡೇ ಇರಬಾರ್ದು ಚಿಕ್ಕಮ್ಮ, ಬಿಟ್ಟುಬಿಡ್ಬೇಕು. ಪೂರ್ತಿ ನಿಲ್ಲೋವರೆಗೂ ಏಳೋಕೆ ಹೋಗ್ಬಾರ್ದು. ಮೊದಲ ದಿನಾನೇ ಹೇಳಿಕೊಡ್ತಾರೆ" ಅಂದಳು. ಬೀಳುವುದನ್ನು ಪಾಠವಾಗಿ ಹೇಳಿಕೊಡುವ ಜಾಗ ಒಂದಿದೆ ಅಂತ ನನಗೆ ನಲವತ್ತೈದನೇ ವಯಸ್ಸಿಗೆ ಗೊತ್ತಾಯಿತು.

ಸಡಿಲ ತೋಳಿನೊಳಗೆ ಮೊಣಕೈ ಪ್ಯಾಡ್ ಸರಿದುಹೋಗಿತ್ತು. ಐದು ಹೊಲಿಗೆ. ರಿಸಲ್ಟ್ ಹಾಳೆಯಲ್ಲಿ ಹೆಸರಿನ ಮುಂದೆ ಡಿಎನ್‌ಎಫ್, ಅಂದರೆ ಮುಗಿಸಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಕೇಳಿದ ಮೊದಲ ಮಾತು, "ಮುಖಕ್ಕೇನೂ ಆಗಿಲ್ಲ ಹೌದಲ್ಲೋ?"

ನನಗೆ ಸಿಟ್ಟು ಬಂತು. ಆದರೆ ಅಕ್ಕನ ಕಡೆಯದನ್ನೂ ಹೇಳಬೇಕು. 2023ರ ಆಗಸ್ಟ್‌ನಲ್ಲಿ ಇದೇ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ರೇಸಿನಲ್ಲಿ ಬಿದ್ದು ತೀರಿಕೊಂಡ. ಅಕ್ಕ ಆ ಸುದ್ದಿ ಓದಿದ್ದಳು, ಮರೆತಿರಲಿಲ್ಲ. ಟ್ರ್ಯಾಕ್ ಅಂದರೆ ಏನೂ ಆಗಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮಗಳು ಸಾಯಬಹುದು ಅಂತ ತಾಯಿ ಹೆದರಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಆದರೆ ಹೆದರಿಕೆ ಮುಖದ ಬಗ್ಗೆ ಇದ್ದರೆ ಜಗಳ ಆಡುತ್ತೇನೆ. ನಮ್ಮ ಮನೆಗಳಲ್ಲಿ ಈ ಎರಡೂ ಎಷ್ಟು ಕಲಸಿಹೋಗಿವೆ ಅಂದರೆ, ಯಾವುದಕ್ಕೆ ಹೆದರುತ್ತಿದ್ದೇವೆ ಅಂತ ನಮಗೇ ಗೊತ್ತಾಗುವುದಿಲ್ಲ.

ಇದು ನಮ್ಮ ಊರಿನ ರೋಗ ಮಾತ್ರ ಅಂದುಕೊಂಡಿದ್ದೆ. ಪುಟ್ಟಿ ಬೆರಿಲ್ ಸ್ವೈನ್ ಕಥೆ ಹೇಳಿದಳು. ಬ್ರಿಟನ್ ಹತ್ತಿರ ಐಲ್ ಆಫ್ ಮ್ಯಾನ್ ಅಂತ ಒಂದು ದ್ವೀಪ, ಅಲ್ಲಿ ಟಿಟಿ ಅಂತ ಹಳೆಯ ರೇಸು. ಊರ ರಸ್ತೆಗಳ ಮೇಲೆಯೇ, ಸುತ್ತಿಗೆ 60 ಕಿಲೋಮೀಟರ್, ಪಕ್ಕದಲ್ಲಿ ಕಲ್ಲಿನ ಗೋಡೆಗಳು. 1962ರಲ್ಲಿ ಬೆರಿಲ್ ಅಲ್ಲಿ ಒಬ್ಬರೇ 50 ಸಿಸಿ ಬೈಕ್ ಓಡಿಸಿ ಕೊನೆ ಮುಟ್ಟಿಸಿದರು. ಹಾಗೆ ಮಾಡಿದ ಮೊದಲ ಹೆಂಗಸು. ನನ್ನ ಟಿವಿಎಸ್ ಫಿಫ್ಟಿಯಷ್ಟೇ ಸಿಸಿ ನೋಡಿ! ಆಮೇಲೆ ರೇಸಿಂಗ್ ಸಂಸ್ಥೆಯವರು ಅವರ ಅಂತಾರಾಷ್ಟ್ರೀಯ ಲೈಸೆನ್ಸನ್ನು ಕಿತ್ತುಕೊಂಡರು. ಹೆಂಗಸರಿಗೆ ಇದು ಅಪಾಯ ಅಂತ ಕಾರಣ. ಅದೇ ರಸ್ತೆಯಲ್ಲಿ ಗಂಡಸರು ಸಾಯುತ್ತಲೇ ಇದ್ದರು, ಅವರ ಲೈಸೆನ್ಸ್ ಮುಟ್ಟಿದವರಿಲ್ಲ. ನಮ್ಮಪ್ಪ ಕೀಯನ್ನು ಗಲ್ಲಾಪೆಟ್ಟಿಗೆಗೆ ಹಾಕಿದರು, ಅವರು ಲೈಸೆನ್ಸನ್ನು ಕಡತಕ್ಕೆ ಹಾಕಿದರು. ನಾನಾದರೂ ಬಿದ್ದಿದ್ದೆ. ಬೆರಿಲ್ ರೇಸು ಮುಗಿಸಿಯೂ ಕಳೆದುಕೊಂಡರು.

ಬಿದ್ದ ಮೇಲೂ ಓಡಿಸಲು ಬಿಟ್ಟರೆ ಏನಾಗುತ್ತದೆ? ಬೆಂಗಳೂರಿನ ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ ಕಾಲರ್ ಬೋನ್ ಮುರಿದುಕೊಂಡರು. 2018ರಲ್ಲಿ ಸ್ಪೇನಿನಲ್ಲಿ ಬಾಜಾ ಅಂತ ಕಚ್ಚಾ ದಾರಿಯ ರೇಸಿನಲ್ಲಿ ಬಿದ್ದು ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಗೇ ಪೆಟ್ಟಾಯಿತು. ಮಾರನೇ ವರ್ಷ, 2019ರಲ್ಲಿ, ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಸ್ಪೇನಿನ ಆನಾ ಕರಾಸ್ಕೊ 2018ರಲ್ಲಿ ಗಂಡಸರ ಜೊತೆಗೇ ಓಡಿಸಿ, ಒಂದೇ ಒಂದು ಪಾಯಿಂಟಿನಿಂದ ಸೂಪರ್‌ಸ್ಪೋರ್ಟ್ 300 ಅನ್ನೋ ವಿಭಾಗದ ವಿಶ್ವ ಚಾಂಪಿಯನ್ ಆದರು. 2020ರಲ್ಲಿ ಬೆನ್ನೆಲುಬಿನ ಎರಡು ಮೂಳೆ ಮುರಿಯಿತು. 2021ರಲ್ಲಿ ವಾಪಸ್ ಬಂದು ಮತ್ತೆ ರೇಸ್ ಗೆದ್ದರು. ಇವರ ಮನೆಯವರೂ ಹೆದರಿರುತ್ತಾರೆ. ಹೆದರಿಕೊಂಡೇ ಕೀ ಕೊಟ್ಟಿರುತ್ತಾರೆ, ಅಲ್ವಾ?

ಕರಾಸ್ಕೊ ಗಂಡಸರನ್ನೇ ಸೋಲಿಸಿದ ಮೇಲೆ ಹೆಂಗಸರಿಗೆ ಬೇರೆ ರೇಸ್ ಯಾಕೆ ಅಂತ ನಾನೂ ಕೇಳುತ್ತಿದ್ದೆ. 2024ರಲ್ಲಿ ಹೆಂಗಸರಿಗೇ ಅಂತ ಟ್ರ್ಯಾಕ್ ರೇಸಿಂಗಿನ ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು, ಎಲ್ಲರಿಗೂ ಒಂದೇ ಮಾದರಿಯ ಬೈಕು, ಯಮಹಾ ಆರ್7. ಮೊದಲ ವರ್ಷ ಗೆದ್ದವರೂ ಇದೇ ಕರಾಸ್ಕೊ. ಇದು ಬಸ್ಸಿನ ಲೇಡೀಸ್ ಸೀಟಿನ ಹಾಗೆ ಆಯಿತಲ್ಲ ಅಂತ ಅನಿಸಿತ್ತು. ಟ್ರ್ಯಾಕಿನ ಪಕ್ಕ ಗಾಡಿಗಳೂ ಸವಾರರೂ ಇರುವ ಪ್ಯಾಡಕ್ಕಿನಲ್ಲಿ ಎರಡು ದಿನ ಕೂತ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಯಾಕೆ ಅಂದರೆ, ಹೊಸಬರ ವಿಭಾಗಕ್ಕೆ ಬರುವ ಹುಡುಗ ನಿಜವಾಗಿ ಹೊಸಬ ಅಲ್ಲ. ಹದಿಮೂರಕ್ಕೇ ಮಾವನ ಗಾಡಿ ಕದ್ದು ಓಡಿಸಿರುತ್ತಾನೆ. (ಅದು ತಪ್ಪು. ಈಗ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಮನೆಯವರಿಗೆ 25,000 ದಂಡ, ಜೈಲೂ ಇದೆ.) ಹತ್ತು ಸಲ ಬಿದ್ದಿರುತ್ತಾನೆ. ಚಕ್ರ ಜಾರುವ ಮುಂಚೆ ಸೀಟಿನ ಕೆಳಗೆ ಒಂದು ಥರ ಆಗುತ್ತಲ್ಲ, ಅದು ಅವನ ಮೈಗೆ ಗೊತ್ತು. ಪುಟ್ಟಿ ಗೇರ್ ಬೈಕ್ ಮುಟ್ಟಿದ್ದೇ ಇಪ್ಪತ್ತೊಂದಕ್ಕೆ, ಅದೂ ಬೆಂಗಳೂರಿಗೆ ಹೋದ ಮೇಲೆ. ಅವಳ ಜೊತೆ ಓಡಿಸಿದವರಲ್ಲಿ ಸುಮಾರು ಜನರದ್ದು ಇದೇ ಕಥೆ. ಅವರಿಗೆ ಕಡಿಮೆ ಇರುವುದು ಧೈರ್ಯ ಅಲ್ಲ, ಬೀಳಲು ಬಿಡದೆ ಹೋದ ಆ ಎಂಟು ಹತ್ತು ವರ್ಷ. ಅದು ತುಂಬುವ ತನಕ ಬೇರೆ ವಿಭಾಗ ಇರಲಿ. ಆದರೆ ಗುಲಾಬಿ ರಿಬ್ಬನ್ನು, "ಬ್ಯೂಟಿ ಅಂಡ್ ಬೈಕ್" ಅನ್ನೋ ಬ್ಯಾನರ್ರು, ಐದು ಲ್ಯಾಪ್ ಓಡಿಸಿ ಅರ್ಧ ಗಂಟೆ ಫೋಟೋ, ಇವೆಲ್ಲ ಬೇಡ. ಎರಡು ಲ್ಯಾಪ್ ಜಾಸ್ತಿ ಕೊಡಿ, ಸಾಕು.

ಇನ್ಶೂರೆನ್ಸ್ ವಿಷಯ ಒಂದು ಹೇಳಿಬಿಡುತ್ತೇನೆ, ಮಕ್ಕಳು ಕೇಳಿದರೆ ಉಪಯೋಗಕ್ಕೆ ಬರಲಿ. ನಿಮ್ಮ ಬೈಕಿನ ಮಾಮೂಲಿ ಪಾಲಿಸಿ ರೇಸಿನಲ್ಲಿ ಆದ ನಷ್ಟಕ್ಕೆ ಬರುವುದಿಲ್ಲ. ಮೈಗಾದ ಪೆಟ್ಟಿನ ಪಾಲಿಸಿಗಳಲ್ಲೂ ಹೆಚ್ಚಿನವು ರೇಸಿಂಗನ್ನು ಹೊರಗೇ ಇಟ್ಟಿರುತ್ತವೆ. ಹೋಗುವ ಮುಂಚೆ ಸಣ್ಣ ಅಕ್ಷರ ಓದಿ.

ಓಬವ್ವನ ಹೆಸರು ಎತ್ತಬಾರದು ಅಂದುಕೊಂಡೇ ಬರೆಯಲು ಕೂತೆ. ಚಿತ್ರದುರ್ಗದ ಕಡೆಯವರು ಹೆಣ್ಣುಮಕ್ಕಳ ಬಗ್ಗೆ ನಾಲ್ಕು ಸಾಲು ಬರೆದರೆ ಐದನೆಯದರಲ್ಲಿ ಒನಕೆ ಬಂದೇ ಬರುತ್ತದೆ. ಆದರೆ ತಂದವರು ನಮ್ಮ ಮಾವ. ಶನಿವಾರ ಪುಟ್ಟಿಯ ಲೆದರ್ ಸೂಟಿನ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ "ನಮ್ಮ ಮನೆ ಓಬವ್ವ" ಅಂತ ಹತ್ತು ಚಪ್ಪಾಳೆ ಒತ್ತಿದರು. ಭಾನುವಾರ ರಾತ್ರಿ ಹೊಲಿಗೆಯ ಸುದ್ದಿ ಗೊತ್ತಾದ ಮೇಲೆ ಅದೇ ಗ್ರೂಪಿನಲ್ಲಿ "ಮದುವೆ ಆಗೋ ಹುಡುಗಿಗೆ ಇದೆಲ್ಲ ಬೇಕಿತ್ತಾ" ಅಂತ ಹಾಕಿದರು. ನಾನು ಉತ್ತರ ಕೊಡಲಿಲ್ಲ. ಭಾವ ಕೊಟ್ಟರು. "ಬೇಕಿತ್ತು ಮಾವ. ಏಳನೇ ಪ್ಲೇಸ್‌ನಲ್ಲಿ ಇದ್ಲು." ಗ್ರೂಪು ಎರಡು ದಿನ ತಣ್ಣಗಿತ್ತು.

ಅಕ್ಕ ಇನ್ನೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಮಾತ್ರ ಪುಟ್ಟಿಯ ಸೂಟನ್ನು ಮಂಚದ ಮೇಲೆ ಹರಡಿಕೊಂಡು ತೋಳಿನ ಅಳತೆ ತೆಗೆಯುತ್ತಿದ್ದಳು. ಚಮ್ಮಾರ ಓಣಿಯಲ್ಲಿ ಯಾರಾದರೂ ಇದನ್ನು ಒಳಗೆ ಹಿಡಿದು ಹೊಲಿದುಕೊಡುತ್ತಾರಾ ಅಂತ ನನ್ನನ್ನೇ ಕೇಳಿದಳು. ಅದು ಅವರ ಕೈಲಿ ಆಗಲ್ಲ, ಪ್ಯಾಡ್ ಇರುವ ಜಾಗ ಕೆಟ್ಟರೆ ಮುಗಿಯಿತು, ಹೊಸದನ್ನೇ ಅಳತೆ ಕೊಟ್ಟು ಮಾಡಿಸಬೇಕು ಅಂದೆ. ಎಷ್ಟಾಗುತ್ತೆ ಅಂತ ಕೇಳಿದಳು. ಹೇಳಿದೆ. "ಅಷ್ಟಾ!" ಅಂತ ಎದ್ದು ಅಡುಗೆಮನೆಗೆ ಹೋದಳು.

ಈ ನಡುವೆ ನಮ್ಮ ಅಂಗಡಿ ಮೇಲಿನ ಮನೆಯ ಹುಡುಗಿಗೆ ಹದಿನೆಂಟು ತುಂಬಿ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಬಂದಿದೆ. ಗೇರ್ ಬೈಕ್ ಕಲಿಸಿ ಆಂಟಿ ಅಂತ ಒಂದೇ ಗಂಟುಬಿದ್ದಿದ್ದಾಳೆ. ಅಣ್ಣನ ಹಳೇ ಸ್ಪ್ಲೆಂಡರ್ ಇದೆ, ಭಾನುವಾರ ಬೆಳಿಗ್ಗೆ ಆರಕ್ಕೆ ಮೈದಾನ ಖಾಲಿ ಇರುತ್ತದೆ, ಆಯಿತು ಬಾ ಅಂದೆ. ನಿನ್ನೆ ಅವಳಮ್ಮ ಕೆಳಗಿಳಿದು ಬಂದರು. "ಅಕ್ಕಾರ, ಕಲಿಸ್ರಿ, ನಮ್ಮದೇನಿಲ್ಲ. ಬೀಳದಂಗೆ ಕಲಿಸ್ರಿ ಅಷ್ಟ" ಅಂದರು.

ಹೂಂ ಅನ್ನಲಿಲ್ಲ ನಾನು. ಶೂ ಹಾಕಿಸಿ ಕಳಿಸಿ, ಜೀನ್ಸ್ ಪ್ಯಾಂಟು, ಉದ್ದ ತೋಳಿನ ಅಂಗಿ, ಹೆಲ್ಮೆಟ್ ಅಂಗಡಿಯಲ್ಲೇ ಇದೆ ಅಂದೆ.