ಅಪರಾಧಕ್ಕೂ ಆಷಾಢದ ರಿಯಾಯಿತಿ

ಅಪರಾಧ ಅಂದ್ರೆ ಸಮಾಜಕ್ಕೆ ಬಂದ ರೋಗ ಅಂತ ನಾವೆಲ್ಲ ಸುಮ್ನೆ ನಂಬಿಕೊಂಡಿದ್ದೇವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್ 1895ರಲ್ಲೇ ಇದನ್ನು ಅಲ್ಲಗಳೆದರು. ಅಪರಾಧ ಇಲ್ಲದ ಸಮಾಜವೇ ಇಲ್ಲ, ಹಾಗಾಗಿ ಅದು ಸಹಜ. ಅಷ್ಟೇ ಅಲ್ಲ, ಅದರಿಂದ ಸಮಾಜಕ್ಕೆ ಉಪಯೋಗವೂ ಇದೆ ಎಂದರು. ಕಳ್ಳ ಸಿಕ್ಕಿಬಿದ್ದರೆ ಊರೆಲ್ಲ ಸೇರಿ ಛೀ ಥೂ ಅನ್ನುತ್ತದೆ. ಹಾಗೆ ಅನ್ನುವಾಗಲೇ ಯಾವುದು ಸರಿ, ಯಾವುದು ತಪ್ಪು ಅಂತ ಎಲ್ಲರಿಗೂ ಮತ್ತೊಮ್ಮೆ ನೆನಪಾಗುತ್ತದೆ. ಸಮಾಜದಲ್ಲಿ ಇರುವ ಪ್ರತಿಯೊಂದಕ್ಕೂ ಏನೋ ಒಂದು ಉಪಯೋಗ ಹುಡುಕುವ ಈ ವಾದವನ್ನು ಸಮಾಜಶಾಸ್ತ್ರದ ಮೇಷ್ಟ್ರುಗಳು ಪ್ರಕಾರ್ಯವಾದ (ಫಂಕ್ಷನಲಿಸಂ) ಎನ್ನುತ್ತಾರೆ.

ನಮ್ಮನ್ನಾಳುವವರು ಇದನ್ನು ಓದಿರುವುದು ಗ್ಯಾರಂಟಿ. ಆದರೆ ‘ಉಪಯೋಗವಿದೆ’ ಅನ್ನೋ ಜಾಗಕ್ಕೆ ಅಡಿಗೆರೆ ಎಳೆದು ಪುಸ್ತಕ ಮುಚ್ಚಿಟ್ಟ ಹಾಗಿದೆ. ಮುಂದಿನ ಪುಟದಲ್ಲಿ ಶಿಕ್ಷೆಯ ವಿಷಯ ಇತ್ತು.

2023ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ಇದ್ದ ಟ್ರಾಫಿಕ್ ದಂಡಕ್ಕೆ ಶೇ 50 ರಿಯಾಯಿತಿ ಬಂತು. ಜನ ಮುಗಿಬಿದ್ದರು. ನೂರು ಕೋಟಿ ರೂಪಾಯಿಗೂ ಜಾಸ್ತಿ ಹಣ ಬಂತು. 2025ರಲ್ಲಿ ಗೌರಿ-ಗಣೇಶ ಹಬ್ಬದ ಹೊತ್ತಿಗೆ ಮತ್ತೆ ಅದೇ ಆಫರ್. ಆಷಾಢದ ಸೀರೆ ಸೇಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಸೀರೆಯನ್ನು ರಿಯಾಯಿತಿ ಬಂದ ಮೇಲೆ ಕೊಳ್ಳುತ್ತೇವೆ, ಇಲ್ಲಿ ಸಿಗ್ನಲ್ ಮೊದಲೇ ಹಾರಿಯಾಗಿರುತ್ತದೆ. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತವರ ಮುಖದಲ್ಲಿ ನಾಚಿಕೆ ಇರಲಿಲ್ಲ, ಉಳಿತಾಯದ ಖುಷಿ ಇತ್ತು. ಹೆಲ್ಮೆಟ್ ಇಲ್ಲದ್ದಕ್ಕೆ 500 ಇದ್ದದ್ದು 250ಕ್ಕೆ ಮುಗಿಯಿತು. ಚೀಟಿ ಬಂದ ದಿನವೇ ಪೂರ್ತಿ 500 ಕಟ್ಟಿ ಬಂದ ಪುಣ್ಯಾತ್ಮನಿಗೆ ಮನೆಯಲ್ಲಿ ಬೈಗುಳ. ‘ಸ್ವಲ್ಪ ತಡೆಯೋಕೆ ಆಗ್ತಿರ್ಲಿಲ್ವಾ ನಿಮ್ಗೆ?’

ಮನೆ ಕಟ್ಟುವವರಿಗೆ ಇನ್ನೂ ದೊಡ್ಡ ಆಸೆ ತೋರಿಸಲಾಗಿತ್ತು. ಅಕ್ರಮ-ಸಕ್ರಮ. 2007ರಲ್ಲಿ ಕಾನೂನಿಗೇ ತಿದ್ದುಪಡಿ ತಂದರು. ವಾಸದ ಮನೆಯಾದರೆ ನಿಯಮವನ್ನು ಶೇ 50ರವರೆಗೆ ಮೀರಿದ್ದರೂ ದುಡ್ಡು ಕಟ್ಟಿ ಸಕ್ರಮ ಮಾಡಿಕೊಳ್ಳಬಹುದು, ವಾಣಿಜ್ಯ ಕಟ್ಟಡಕ್ಕೆ ಶೇ 25. ಅಂದರೆ ತಪ್ಪಿಗೂ ಒಂದು ಅಳತೆ ಇದೆ, ಇಂಜಿನಿಯರ್ ಟೇಪ್ ಹಿಡಿದು ಅಳೆದು ಹೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಿಯಮದ ಪ್ರಕಾರ ಸುತ್ತಲೂ ಜಾಗ ಬಿಟ್ಟು ಕಟ್ಟಿದವನು ಮಾತ್ರ ಆಗಲೂ ಪೆದ್ದ, ಈಗಲೂ ಪೆದ್ದ.

ಇಂಥ ಲೆಕ್ಕಾಚಾರವನ್ನು ಕಾರ್ಲ್ ಮಾರ್ಕ್ಸ್ ಡರ್ಖೀಮ್‌ಗಿಂತ ಮೊದಲೇ ಗೇಲಿ ಮಾಡಿದ್ದರು. ಅಪರಾಧಿ ಬರೀ ಅಪರಾಧ ಉತ್ಪಾದಿಸುವುದಿಲ್ಲ. ಪೊಲೀಸರನ್ನು, ನ್ಯಾಯಾಧೀಶರನ್ನು, ಅಪರಾಧ ಕಾನೂನಿನ ಪಾಠ ಮಾಡುವ ಪ್ರೊಫೆಸರನ್ನು, ಆ ಪ್ರೊಫೆಸರ್ ಮಾರುವ ಪುಸ್ತಕವನ್ನೂ ಉತ್ಪಾದಿಸುತ್ತಾನೆ ಅಂತ. ಬೆಂಗಳೂರಿನ ಪಟ್ಟಿಗೆ ರಸ್ತೆಬದಿ ಹಗ್ಗಕ್ಕೆ ನೇತು ಹಾಕಿದ ಹಾಫ್ ಹೆಲ್ಮೆಟ್ಟನ್ನೂ ಸೇರಿಸಬಹುದು. ಅದು ತಲೆ ಉಳಿಸಲಿಕ್ಕಲ್ಲ, ಕ್ಯಾಮೆರಾಗೆ ತೋರಿಸಲಿಕ್ಕೆ.

1938ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇನ್ನೊಂದು ಮಾತು ಸೇರಿಸಿದರು. ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತದೆ, ಸರಿಯಾದ ದಾರಿ ಮಾತ್ರ ಎಲ್ಲರಿಗೂ ಸಿಗುವುದಿಲ್ಲ. ಆಗ ಕೆಲವರು ಅಡ್ಡದಾರಿ ಹುಡುಕುತ್ತಾರೆ. ಅಂಥವರಿಗೆ ಮರ್ಟನ್ ಕೊಟ್ಟ ಹೆಸರು ಇನ್ನೊವೇಟರ್. ಬೆಳಗ್ಗೆ ಒಂಬತ್ತಕ್ಕೆ ಆಫೀಸು ಮುಟ್ಟಬೇಕು, ರಸ್ತೆಯಲ್ಲಿ ಜಾಗ ಇಲ್ಲ, ಸ್ಕೂಟರನ್ನು ಫುಟ್‌ಪಾತ್‌ಗೆ ಹತ್ತಿಸಿದ. ನಮ್ಮಲ್ಲಿ ಇನ್ನೊವೇಷನ್ನಿಗೆ ಬರವೇ ಇಲ್ಲ. ತರಕಾರಿ ಚೀಲ ಹಿಡಿದು ಎದುರಿಗೆ ಬರುತ್ತಿದ್ದ ಅಜ್ಜಿ ಚರಂಡಿಯ ಕಲ್ಲಿನ ಮೇಲೆ ಒಂದು ಕಾಲಲ್ಲಿ ನಿಂತು ದಾರಿ ಬಿಟ್ಟರು. ಸಮಾಜಕ್ಕೆ ಉಪಯೋಗ ಅಂತ ಬರೆಯುವಾಗ ಆ ಸಮಾಜದಲ್ಲಿ ಈ ಅಜ್ಜಿ ಇದ್ದಾರಾ ಅಂತ ಪ್ರಕಾರ್ಯವಾದಿಗಳು ಕೇಳಿಕೊಂಡಿದ್ದು ಕಡಿಮೆ.

ಡರ್ಖೀಮ್ ಬರೀ ಸಂತರೇ ಇರುವ ಒಂದು ಮಠವನ್ನೂ ಕಲ್ಪಿಸಿಕೊಂಡಿದ್ದರು. ಅಲ್ಲಿ ನಮಗೆ ಗೊತ್ತಿರುವ ಅಪರಾಧ ಒಂದೂ ಇರುವುದಿಲ್ಲ, ಆದರೆ ಹೊರಗಿನವರು ಲೆಕ್ಕಕ್ಕೇ ಇಡದ ಸಣ್ಣ ತಪ್ಪು ಅಲ್ಲಿ ದೊಡ್ಡ ರಾದ್ಧಾಂತ ಆಗುತ್ತದೆ ಅಂತ. ಎಲ್ಲರೂ ಸಿಗ್ನಲ್ ಹಾರುವ ಊರಲ್ಲಿ ಏನಾಗುತ್ತದೆ ಅಂತ ಅವರು ಬರೆಯಲಿಲ್ಲ. ಅದನ್ನು ನೋಡಬೇಕಾದರೆ ರಾತ್ರಿ ಹನ್ನೊಂದಕ್ಕೆ ಯಾವುದಾದರೂ ಖಾಲಿ ಸರ್ಕಲ್‌ನಲ್ಲಿ ಕೆಂಪು ದೀಪಕ್ಕೆ ಗಾಡಿ ನಿಲ್ಲಿಸಿ. ಹತ್ತು ಸೆಕೆಂಡಿಗೆ ಹಿಂದಿನಿಂದ ಹಾರ್ನ್ ಶುರು. ಆಮೇಲೆ ಬಸ್ಸು, ಟೆಂಪೊ, ಬೈಕು ಎಲ್ಲ ಸೇರಿಕೊಳ್ಳುತ್ತವೆ. ಛೀ ಥೂ ಅನ್ನೋದು ಒಂಚೂರೂ ಕಡಿಮೆಯಾಗಿಲ್ಲ, ಅಪರಾಧಿ ಮಾತ್ರ ಬದಲಾಗಿದ್ದಾನೆ. ಆಟೋದವರು ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿ ತೀರ್ಪು ಹೇಳುತ್ತಾರೆ: ‘ಏನ್ ಸಾರ್, ಊರಿಗೆ ಹೊಸಬ್ರಾ?’

ಈ ಶಿಕ್ಷೆಗೆ ರಿಯಾಯಿತಿ ಇಲ್ಲ.